ಗಟ್ಟಿಯಾಗದ ಗೋಡೆ

ವಸಂತಪುರದ ಆ ಸೈಟಿಗೆ ಮೊದಲ ದಿನ ಹೋದಾಗಲೇ ಗೊತ್ತಾಯಿತು, ಇಲ್ಲಿ ದೊಡ್ಡ ಕಾಂಕ್ರೀಟ್ ಪಂಪು ನಿಲ್ಲುವುದಿಲ್ಲ ಎಂದು. ಮೂವತ್ತು ನಲವತ್ತರ ಸೈಟು, ಮುಂದೆ ಒಂದು ಲಾರಿ ನಿಂತರೆ ಸ್ಕೂಟರಿಗೂ ದಾರಿ ಇಲ್ಲದ ರಸ್ತೆ, ತಲೆಯ ಮೇಲೆ ಕರೆಂಟು ತಂತಿ, ಅದರ ಕೆಳಗೆ ಕೇಬಲ್ಲಿನವರು ನೇತುಹಾಕಿ ಮರೆತ ವೈರುಗಳ ಸಿಂಬೆ. ಕಾಂಕ್ರೀಟ್ ಲಾರಿ ತಿರುಗಬೇಕಾದರೆ ಎದುರು ಮನೆಯ ಕಾರು ತೆಗೆಸಬೇಕು, ಕಾರು ತೆಗೆಸಬೇಕಾದರೆ ಆ ಮನೆಯ ಅಂಕಲ್ ವಾಕಿಂಗ್ ಮುಗಿಸಿ ಬರಬೇಕು. ಇಂಥ ಕಡೆ ಇಟ್ಟಿಗೆ ಮನೆ ಕಟ್ಟುವುದೇ ರಗಳೆ. ಇವರು ಕೇಳಿದ್ದು ಇಟ್ಟಿಗೆಯೇ ಇಲ್ಲದ ಮನೆ.

ಕೇಳಿದವರು ಕೋಣನಕುಂಟೆಯಲ್ಲಿ ಹುಟ್ಟಿ ಬೆಳೆದು ಈಗ ಕಾಲೇಜಿನಲ್ಲಿ ಪಾಠ ಮಾಡುವ ಹೆಂಗಸು. ಹೊರಗೋಡೆಗಳೆಲ್ಲ ಕಾಂಕ್ರೀಟಿನಲ್ಲೇ ಎರಕ ಹೊಯ್ದದ್ದಾಗಬೇಕು, ಮೇಲೆ ಪ್ಲಾಸ್ಟರ್ ಬೇಡ, ಬಣ್ಣವೂ ಬೇಡ ಎಂದು ಆರ್ಕಿಟೆಕ್ಟ್ ಹತ್ತಿರ ನಕ್ಷೆ ಬರೆಸಿಕೊಂಡು ಬಂದಿದ್ದರು. ಕಟ್ಟಿಸಿಕೊಡುವ ಎಂಜಿನಿಯರ್ ನಾನು. ಯಾಕೆ ಈ ಹಟ ಎಂದು ಕೇಳಿದೆ.

“ನಮ್ಮಪ್ಪ ಜೀವಮಾನ ಪೂರ್ತಿ ಊರೋರ ಗೋಡೆಗೆಲ್ಲಾ ಗಾರೆ ಬಳಿದ್ರು ಮೇಡಂ. ನಮ್ಮನೆ ಗೋಡೆ ಮಾತ್ರ ವರ್ಷಾ ವರ್ಷಾ ಉದುರ್ತಿತ್ತು. ನಂಗೆ ಗಾರೆ ಸಹವಾಸಾನೇ ಬೇಡ.”

ಅವರಪ್ಪ ಪಕ್ಕದಲ್ಲೇ ಸೈಜುಗಲ್ಲಿನ ಮೇಲೆ ಕೂತಿದ್ದರು. ಮಗಳ ಮಾತಿಗೆ ನಕ್ಕರು. ನಾನೂ ನಕ್ಕು, ಟೇಪು ಹಿಡಿದು ಅಳತೆಗೆ ಇಳಿದೆ.

ಈ ಕೆಲಸದ ಕ್ರಮ ಹೇಳಲು ಸುಲಭ. ಎಂಟಿಂಚು ಅಂತರ ಬಿಟ್ಟು ಎರಡೂ ಕಡೆ ಪ್ಲೈವುಡ್ ಹಲಗೆ ನಿಲ್ಲಿಸಬೇಕು. ನಡುವೆ ಕಬ್ಬಿಣದ ಎರಡು ಜಾಲರಿ. ಹಲಗೆಗಳು ಒಂದನ್ನೊಂದು ಬಿಟ್ಟು ಸರಿಯದ ಹಾಗೆ ಎರಡು ಅಡಿಗೊಂದು ಬೋಲ್ಟು. ಆಮೇಲೆ ಮೇಲಿನಿಂದ ಕಾಂಕ್ರೀಟ್ ಬಿಟ್ಟು, ಒಂದೂವರೆ ಅಡಿ ತುಂಬಿದ ಹಾಗೆಲ್ಲ ವೈಬ್ರೇಟರ್ ಇಳಿಸಿ ಗಾಳಿ ಬಿಡಿಸಬೇಕು. ಕಷ್ಟ ಇರುವುದು ಬೇರೆ ಕಡೆ. ಇಟ್ಟಿಗೆ ಗೋಡೆ ಸೊಟ್ಟಗಾದರೆ ಪ್ಲಾಸ್ಟರ್ ಅದನ್ನು ಮುಚ್ಚುತ್ತದೆ, ಪ್ಲಾಸ್ಟರ್ ಕೆಟ್ಟರೆ ಪುಟ್ಟಿ ಮುಚ್ಚುತ್ತದೆ, ಪುಟ್ಟಿ ಕೆಟ್ಟರೆ ಬಣ್ಣ. ಇಲ್ಲಿ ಹಲಗೆ ತೆಗೆದಾಗ ಏನು ಕಾಣುತ್ತದೋ ಅದೇ ಮನೆ. ಹಲಗೆಯ ಸಂದಿಯಲ್ಲಿ ಸಿಮೆಂಟ್ ಹಾಲು ಸೋರಿದರೂ ಅದರ ಗುರುತು ಗೋಡೆ ಇರುವ ತನಕ ಇರುತ್ತದೆ. ಅದಕ್ಕೇ ಮೂರು ವಾರ ಬರೀ ಹಲಗೆ ಕೂರಿಸುವುದರಲ್ಲೇ ಹೋಯಿತು.

ಆ ಮೂರು ವಾರವೂ ಅಪ್ಪ ದಿನಾ ಬಂದರು. ಎಪ್ಪತ್ತೈದು ದಾಟಿದವರು, ಬಿಳಿ ಪಂಚೆ, ಹೆಗಲಿಗೆ ಟವೆಲ್ಲು, ಕೈಯಲ್ಲಿ ಮಜ್ಜಿಗೆ ಬಾಟಲಿ. ಹುಡುಗರಾಗಿದ್ದಾಗ ತಮ್ಮ ತಂದೆಯ ಜೊತೆ ಹನುಮಂತನಗರದ ಹಳೇ ಮನೆಗಳಿಗೆ ಸುಣ್ಣದ ಗಾರೆ ಅರೆದವರಂತೆ, ಆಮೇಲೆ ಸಿಮೆಂಟು ಬಂದ ಮೇಲೆ ಬರೀ ಪ್ಲಾಸ್ಟರಿಂಗ್ ಮೇಸ್ತ್ರಿಯಾದರಂತೆ. ನಾನೂ ಹನುಮಂತನಗರದವಳೇ ಎಂದು ತಿಳಿದ ಮೇಲೆ ಅವರಿಗೆ ಸಲಿಗೆ ಬಂತು. ನನಗೆ ಬರಲಿಲ್ಲ. ಸೈಟಿನಲ್ಲಿ ಕೂತು ಪ್ರಶ್ನೆ ಕೇಳುವ ಹಿರಿಯರೆಂದರೆ ನನಗೆ ಮೈಯೆಲ್ಲಾ ಉರಿ. “ನಿಮ್ಮ ಸಾರ್ ಬರ್ಲಿಲ್ವಾಮ್ಮಾ” ಎಂದು ಶುರುಮಾಡಿ ಕೊನೆಗೆ ಕಂಬಿ ಕಟ್ಟುವುದನ್ನು ನನಗೇ ಹೇಳಿಕೊಟ್ಟು ಹೋದ ಎಷ್ಟು ಜನರನ್ನು ಕಂಡಿದ್ದೇನೋ. ಇವರನ್ನೂ ಆ ಸಾಲಿಗೇ ಸೇರಿಸಿಬಿಟ್ಟೆ.

ನಿಜ ಹೇಳಬೇಕೆಂದರೆ ಅವರು ಕಲಿಸಲು ಬಂದವರಲ್ಲ, ಕೇಳಲು ಬಂದವರು. ಇದನ್ನು ಗಾರೆ ಥರಾ ನೆನೆಸಿ ಎಷ್ಟು ದಿನ ಕೊಳೆ ಹಾಕ್ತೀರ, ಮರಳು ಯಾವುದು, ಹಲಗೆಗೆ ಬಳಿಯುವ ಎಣ್ಣೆ ಯಾವುದು. ಒಂದು ದಿನ ನಾನು ಕಂಬಿ ಅಂಗಡಿಯವನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದಾಗ ಹಿಂದೆ ಬಂದು ನಿಂತು, ಇದಕ್ಕೆ ಬೆಲ್ಲದ ನೀರು ಬೆರೆಸುವುದಿಲ್ಲವಾ ಎಂದು ಕೇಳಿದರು. ಕಾಂಕ್ರೀಟ್ ಲಾರಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ದಾರಿಯಲ್ಲೇ ಗಟ್ಟಿಯಾಗದಿರಲಿ ಎಂದು ಪ್ಲಾಂಟಿನವರು ಒಂದು ರಾಸಾಯನಿಕ ಹಾಕಿ ಕಳಿಸುತ್ತಾರೆ. ಅದನ್ನು ಬಿಡಿಸಿ ಹೇಳುವ ತಾಳ್ಮೆ ಯಾರಿಗಿತ್ತು. “ಅಲ್ಲೇ ಹಾಕಿ ಕಳಿಸ್ತಾರೆ ಯಜಮಾನ್ರೇ, ಅದೂ ಒಂಥರಾ ಬೆಲ್ಲಾನೇ” ಎಂದು ತಿರುಗಿಯೂ ನೋಡದೆ ಹೇಳಿ, ಅಂಗಡಿಯವನ ಜೊತೆ ಜಗಳ ಮುಂದುವರಿಸಿದೆ.

ಎರಕದ ದಿನ ಬೆಳಿಗ್ಗೆ ಆರಕ್ಕೆ ಮೊದಲ ಲಾರಿ ಬಂತು. ರಸ್ತೆಯಲ್ಲಿ ಗಾಡಿ ಓಡಾಟ ಜಾಸ್ತಿಯಾಗುವ ಮುಂಚೆ ಎರಡೂ ಲಾರಿ ಖಾಲಿಯಾಗಬೇಕು ಎಂದು ನನ್ನ ಲೆಕ್ಕ. ಒಂದು ಲಾರಿಯಲ್ಲಿ ಪಶ್ಚಿಮದ ಗೋಡೆ, ಇನ್ನೊಂದರಲ್ಲಿ ಪೂರ್ವದ ಗೋಡೆ. ಮನೆಯವರು ತೆಂಗಿನಕಾಯಿ ಒಡೆದರು, ಹಲಗೆಗೆ ಅರಿಶಿನ ಕುಂಕುಮ ಇಟ್ಟರು. ನಾನು ಎಲ್ಲರ ಮುಂದೆ ಒಂದೇ ಮಾತು ಹೇಳಿದೆ: ಸೈಟಿಗೆ ಬಂದ ಮೇಲೆ ಕಾಂಕ್ರೀಟಿಗೆ ಒಂದು ಹನಿ ನೀರು ಹಾಕಿದರೂ ಲಾರಿ ವಾಪಸ್. ಪಂಪಿನಲ್ಲಿ ಸಲೀಸಾಗಿ ಹೋಗಲಿ ಎಂದು ಡ್ರೈವರುಗಳು ನೀರು ಬಿಡುವುದು ಇಲ್ಲಿ ಮಾಮೂಲಿ, ಹಾಗೆ ನೀರು ಬಿದ್ದ ಗೋಡೆಯ ಶಕ್ತಿ ಅರ್ಧಕ್ಕೆ ಇಳಿಯುತ್ತದೆ.

ಪಶ್ಚಿಮದ ಗೋಡೆ ಎರಡು ತಾಸಿನಲ್ಲಿ ಮುಗಿಯಿತು. ಎರಡನೇ ಲಾರಿ ಬಂದು ರಸ್ತೆಯ ತಿರುವಿನಲ್ಲಿ ನಿಂತಿತು. ಪ್ಲಾಂಟಿನ ಹುಡುಗ ಅದರಿಂದ ಒಂದು ಬಾಂಡಲಿ ಕಾಂಕ್ರೀಟ್ ತೆಗೆದು, ಗಟ್ಟಿತನ ಪರೀಕ್ಷೆ ಮಾಡುವ ಆರು ಕಬ್ಬಿಣದ ಅಚ್ಚುಗಳಿಗೆ ತುಂಬಿದ. ಅಷ್ಟರಲ್ಲಿ ಪಂಪಿನ ಪೈಪು ತನ್ನ ಎರಡನೇ ಬಾಗಿನಲ್ಲಿ ಕಟ್ಟಿಕೊಂಡಿತು. ಕ್ಲ್ಯಾಂಪ್ ಬಿಚ್ಚಿ, ಸುತ್ತಿಗೆಯಲ್ಲಿ ಬಡಿದು, ಕಲ್ಲಿನ ಗಡ್ಡೆಯನ್ನು ಸರಳಿನಿಂದ ಕಿತ್ತು ತೆಗೆದು ಮತ್ತೆ ಜೋಡಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಅಷ್ಟೂ ಹೊತ್ತು ನನ್ನ ಕಣ್ಣು ಪೈಪಿನ ಮೇಲೆ, ಕಿವಿ ತಿರುವಿನಲ್ಲಿ ಗುರುಗುಡುತ್ತಿದ್ದ ಲಾರಿಯ ಡ್ರಮ್ಮಿನ ಮೇಲೆ. ಪೈಪು ಬಿಟ್ಟಿತು, ಲಾರಿ ಬಂತು, ಪೂರ್ವದ ಗೋಡೆಯೂ ತುಂಬಿತು. ಹತ್ತು ಗಂಟೆಗೆ ಪೈಪು ತೊಳೆಯುವಾಗ ನಾನು ಶಟರಿಂಗ್ ಮೇಸ್ತ್ರಿಗೆ ಕೈಕುಲುಕಿ ಶಹಭಾಸ್ ಎಂದೆ. ಹಲಗೆ ಕೂರಿಸಿದ್ದು ಅವನ ತಂಡ.

ಮಾರನೇ ದಿನ ಮಧ್ಯಾಹ್ನ ಪಶ್ಚಿಮದ ಗೋಡೆಯ ಹಲಗೆ ಬಿಚ್ಚಿಸಿದೆ. ನುಣ್ಣಗೆ, ತಣ್ಣಗೆ, ಆನೆಯ ಮೈಯ ಬಣ್ಣದ ಗೋಡೆ. ಮನೆಯೊಡತಿ ಅಂಗೈ ಇಟ್ಟು ನೋಡಿದರು, ಅವರ ಕಣ್ಣು ತುಂಬಿತ್ತು. ಖುಷಿಯಲ್ಲಿ ಪೂರ್ವದ ಗೋಡೆಯ ಕಡೆ ಹೋಗಿ ಹಲಗೆಯನ್ನು ಸುತ್ತಿಗೆಯಲ್ಲಿ ತಟ್ಟಿದೆ. ಟಣ್ ಎನ್ನಬೇಕಾದದ್ದು ದಬ್ ಎಂದಿತು. ಏಣಿ ಹತ್ತಿ ಗೋಡೆಯ ನೆತ್ತಿಯನ್ನು ಬೆರಳಿನಲ್ಲಿ ಒತ್ತಿದೆ. ಹೆಬ್ಬೆರಳು ಅರ್ಧ ಇಂಚು ಒಳಗೆ ಹೋಯಿತು.

ಇನ್ನೊಂದು ದಿನ ಬಿಟ್ಟು ನೋಡೋಣ ಎಂದುಕೊಂಡೆ. ಮೂರನೇ ದಿನವೂ ಹೆಬ್ಬೆರಳು ಹೋಯಿತು. ಪ್ಲಾಂಟಿಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ, ರಾಸಾಯನಿಕ ಜಾಸ್ತಿ ಸುರಿದಿದ್ದೀರಿ ಎಂದೆ. ಅವರ ಲ್ಯಾಬಿನವನು ಅದೇ ಲಾರಿಯಿಂದ ತುಂಬಿದ್ದ ಆರು ಕ್ಯೂಬುಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಬಂದು ನನ್ನ ಕಾಲ ಬಳಿ ಇಟ್ಟ. ಆರೂ ಕಲ್ಲು. “ನಮ್ಮ ಮಾಲು ಇದು ಮೇಡಂ. ಇಲ್ಲಿಗೆ ಬಂದ್ಮೇಲೆ ಏನಾಯ್ತೋ ನೀವೇ ಹೇಳ್ಬೇಕು” ಎಂದು ಹೋದ. ಡ್ರೈವರನ್ನು ಕರೆಸಿ ನೀರು ಬಿಟ್ಟೆಯಾ ಎಂದು ಕೇಳಿದೆ. ತಾಯಿಯಾಣೆಗೂ ನೀರು ಹಾಕಿಲ್ಲ ಎಂದ, ನನ್ನ ಮುಖ ಮಾತ್ರ ನೋಡಲಿಲ್ಲ.

ನಕ್ಷೆಗೆ ಲೆಕ್ಕ ಹಾಕಿಕೊಟ್ಟ ಸ್ಟ್ರಕ್ಚರಲ್ ಎಂಜಿನಿಯರ್ ಜಯನಗರದಿಂದ ಬಂದರು. ನಿವೃತ್ತಿಯಾದ ಮೇಲೂ ತಮಗೆ ಮನಸ್ಸಾದ ಕೆಲಸ ಮಾತ್ರ ಹಿಡಿಯುವವರು, ಮಾತು ಕಡಿಮೆ. ಗೋಡೆಯ ನೆತ್ತಿಯನ್ನು ಮೊಳೆಯಲ್ಲಿ ಕೆರೆದು ನೋಡಿ, ಒಳಗೆ ಏನೋ ಬೇಡದ್ದು ಸೇರಿದೆ ಎಂದರು. ಏನಿರಬಹುದು ಎಂದರೆ, ಎಣ್ಣೆ ಇರಬಹುದು, ಸೋಪಿರಬಹುದು, ಸಕ್ಕರೆ ಇರಬಹುದು, ನೀನು ಹುಡುಕು ಎಂದರು. ಹಲಗೆ ಬಿಚ್ಚಬೇಡ, ಕಾಯಿ ಎಂದೂ ಹೇಳಿದರು. ನನಗೆ ಎಣ್ಣೆ ಎಂಬ ಮಾತೇ ಸಾಕಾಯಿತು. ಶಟರಿಂಗ್ ಮೇಸ್ತ್ರಿ ಒಳ್ಳೆಯ ಎಣ್ಣೆಯ ಬದಲು ಗ್ಯಾರೇಜಿನ ಸುಟ್ಟ ಆಯಿಲ್ ಬಳಿದಿದ್ದಾನೆ ಎಂದು ಹತ್ತು ಜನರ ಎದುರಿಗೆ ಅವನ ಮಾನ ಕಳೆದೆ. ಎಣ್ಣೆ ಬಳಿದರೆ ಗೋಡೆಯ ಮೈ ಕೆಡಬಹುದೇ ಹೊರತು ಒಡಲು ಕೆಡುವುದಿಲ್ಲ, ಅದು ನನಗೆ ಗೊತ್ತಿಲ್ಲದ್ದಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಅವನು ತನ್ನ ಸುತ್ತಿಗೆ, ಸ್ಪ್ಯಾನರು ಚೀಲಕ್ಕೆ ತುಂಬಿಕೊಂಡು ಹೋದ.

ನಾಲ್ಕನೇ ದಿನ ಸೈಟಿನಲ್ಲಿ ಯಾರೂ ಇರಲಿಲ್ಲ. ಗೋಡೆಯ ಎದುರು ಎಂ-ಸ್ಯಾಂಡ್ ಮರಳಿನ ಗುಡ್ಡೆಯ ಮೇಲೆ ಕೂತೆ. ಮೂರು ಮೀಟರ್ ಎತ್ತರ, ಹತ್ತು ಮೀಟರ್ ಉದ್ದ, ಒಳಗೆ ಕೆಸರು. ಯಂತ್ರ ಕೆಟ್ಟರೆ ಬಿಚ್ಚಿ ನೋಡಬಹುದು, ಲೆಕ್ಕ ತಪ್ಪಿದರೆ ಮತ್ತೆ ಮಾಡಬಹುದು. ಈ ಗೋಡೆಗೆ ನಾನು ಮಾಡುವಂಥದ್ದು ಏನೂ ಇರಲಿಲ್ಲ. ಬಯ್ಯಲೂ ಜನ ಉಳಿದಿರಲಿಲ್ಲ. ಅಳು ಬಂತು, ಅತ್ತೆ.

ಅಪ್ಪ ಯಾವಾಗ ಬಂದರೋ ಗೊತ್ತಾಗಲಿಲ್ಲ. ಪಕ್ಕದಲ್ಲಿ ಕೂತು ಮಜ್ಜಿಗೆ ಬಾಟಲಿಯ ಮುಚ್ಚಳ ತೆಗೆದು ಕೊಟ್ಟರು. ನಾನು ಕುಡಿದೆ.

“ಯೋಚ್ನೆ ಮಾಡ್ಬೇಡಿ ತಾಯಿ. ಆ ಗೋಡೆ ನಿಧಾನಕ್ಕೆ ಕಟ್ಕೊಂಡ್ರೂ ಕಲ್ಲಾಗುತ್ತೆ. ನಾನು ಬೆಲ್ಲ ಹಾಕ್ಸಿದೀನಿ.”

ನನಗೆ ಮೊದಲು ಅರ್ಥವಾಗಲಿಲ್ಲ. ಎಲ್ಲಿಗೆ ಎಂದು ಕೇಳಿದೆ.

“ಎರಡ್ನೇ ಲಾರಿಗೆ. ನೀವು ಪೈಪ್ ಬಿಚ್ತಾ ಇದ್ರಲ್ಲ, ಆವಾಗ. ಐದು ಕೆಜಿ ಅಚ್ಚು ಬೆಲ್ಲ, ಬಕೆಟ್ಟಲ್ಲಿ ಕರಗಿಸ್ಕೊಂಡ್ ಬಂದಿದ್ದೆ. ಪೂಜೆದು ಕಣಪ್ಪಾ ಅಂದೆ, ಆ ಡ್ರೈವರ್ ಹುಡ್ಗ ಮೇಲೆ ಹತ್ತಿ ಸುರಿದ. ಕಂಪ್ನಿಯೋರು ಹಾಕೋ ಬೆಲ್ಲ ಏನ್ ಬೆಲ್ಲ ಬಿಡಿ. ನಮ್ಮನೇಗೆ ನಮ್ದೂ ಸ್ವಲ್ಪ ಇರ್ಲಿ ಅಂತ.”

ಸುಣ್ಣದ ಗಾರೆಗೆ ಬೆಲ್ಲದ ನೀರು ಬೆರೆಸಿದರೆ ಅದು ಇನ್ನೂ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ನೂರಾರು ವರ್ಷ ನಿಲ್ಲುತ್ತದೆ. ಅವರ ತಂದೆ ಅದನ್ನು ಮಾಡಿದ್ದರು, ತಾತ ಮಾಡಿದ್ದರು. ಸಿಮೆಂಟು ಬೇರೆ ಜಾತಿ. ಅದರ ಕಣಕಣಕ್ಕೂ ಸಕ್ಕರೆ ಅಂಟಿಕೊಂಡು ನೀರಿನ ಜೊತೆ ಸೇರಲು ಬಿಡುವುದಿಲ್ಲ, ಸೇರದಿದ್ದರೆ ಗಟ್ಟಿಯಾಗುವುದಿಲ್ಲ. ಒಂದು ಮೂಟೆ ಸಿಮೆಂಟನ್ನು ಕೆಡಿಸಲು ಒಂದು ಹಿಡಿ ಸಾಕು. ಡ್ರೈವರ್ ಆಣೆ ಇಟ್ಟದ್ದು ಸುಳ್ಳಲ್ಲ, ಅವನ ಲೆಕ್ಕದಲ್ಲಿ ಅದು ನೀರಲ್ಲ, ಪೂಜೆ.

ಪ್ಲಾಂಟಿನವರಿಗೆ ಬಯ್ದಿದ್ದೆ, ಡ್ರೈವರಿಗೆ ಬಯ್ದಿದ್ದೆ, ಮೇಸ್ತ್ರಿಯನ್ನು ಓಡಿಸಿದ್ದೆ. ಈಗ ನಿಜವಾಗಿ ಕೆಡಿಸಿದವರು ಪಕ್ಕದಲ್ಲಿ ಕೂತು ನನ್ನನ್ನು ಸಮಾಧಾನ ಮಾಡುತ್ತಿದ್ದರು, ನನ್ನ ಬಾಯಿಂದ ಒಂದು ಕೆಟ್ಟ ಮಾತು ಬರಲಿಲ್ಲ. ‘ಅದೂ ಒಂಥರಾ ಬೆಲ್ಲಾನೇ’ ಎಂದು ಅಂದವಳು ನಾನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಮ್ಮ ದಿನಕ್ಕೊಂದು ಸಲ ಹೇಳುತ್ತಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. “ಒಳ್ಳೇದಾಯ್ತು ಬಿಡಿ ಯಜಮಾನ್ರೇ” ಎಂದೆ. ಅವರು ಬಾಟಲಿ ತೆಗೆದುಕೊಂಡು ಎದ್ದು, ಹಲಗೆಯನ್ನು ಒಂದು ಸಲ ಸವರಿ ಹೋದರು.

ಸ್ಟ್ರಕ್ಚರಲ್ ಎಂಜಿನಿಯರಿಗೆ ಫೋನಿನಲ್ಲಿ ಹೇಳಿದೆ. ಯಾವ ಬೆಲ್ಲ ಎಂದು ಕೇಳಿದರು, ಅದರಿಂದ ಏನೋ ವ್ಯತ್ಯಾಸವಾಗುವ ಹಾಗೆ. ಅಚ್ಚು ಬೆಲ್ಲ ಎಂದೆ. ಆರು ಕ್ಯೂಬಿಕ್ ಮೀಟರಿನಲ್ಲಿ ಸಿಮೆಂಟು ಎಷ್ಟು, ಐದು ಕಿಲೋ ಬೆಲ್ಲದಲ್ಲಿ ಸಕ್ಕರೆ ಎಷ್ಟು ಎಂದು ಇಬ್ಬರೂ ಲೆಕ್ಕ ಹಾಕಿದೆವು. ಉತ್ತರ ಗಡಿಯ ಮೇಲೆ ಬಂತು. ಒಂದು ವಾರ ತಡವಾಗಿ ಗಟ್ಟಿಯಾದರೂ ಆಗಬಹುದು, ಎಂದೂ ಆಗದೆಯೂ ಇರಬಹುದು. ಹೀಗೇ ಆಗುತ್ತದೆ ಎಂದು ಹೇಳುವ ಪುಸ್ತಕ ತಮ್ಮ ಹತ್ತಿರ ಇಲ್ಲ ಎಂದರು.

ಕಾದೆವು. ನೆತ್ತಿಗೆ ಒದ್ದೆ ಗೋಣಿಚೀಲ ಹೊದಿಸಿ ದಿನಕ್ಕೆ ಮೂರು ಸಲ ನೀರು ಬಿಟ್ಟೆ. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಬೆಳಿಗ್ಗೆ ಹೋಗಿ ಹೆಬ್ಬೆರಳು ಒತ್ತುತ್ತಿದ್ದೆ. ಆರನೇ ದಿನ ಬೆರಳು ಒಳಗೆ ಹೋಗಲಿಲ್ಲ. ಏಳನೇ ದಿನ ಹಲಗೆ ತಟ್ಟಿದರೆ ಟಣ್ ಎಂದಿತು. ಎಂಟನೇ ದಿನ ಕೆಳಗಿನ ಒಂದು ಹಲಗೆ ಬಿಚ್ಚಿಸಿದೆ. ಒಂದು ಕಡೆ ಗೋಡೆ ಗಟ್ಟಿಯಾಗಿತ್ತು, ಅದರ ಪಕ್ಕದಲ್ಲೇ ಎರಡು ಅಡಿ ಅಗಲದ ಪಟ್ಟಿ ಹಲಗೆಯ ಜೊತೆಗೇ ಪುಡಿಯಾಗಿ ಉದುರಿತು. ಮೊಳೆ ಹಾಕಿ ಕೆರೆದರೆ ಒಳಗಿನ ಕಂಬಿ ಕಂಡಿತು. ಬಕೆಟ್ಟಿನ ನೀರು ಡ್ರಮ್ಮಿನಲ್ಲಿ ಪೂರ್ತಿ ಬೆರೆತಿರಲಿಲ್ಲ. ಎಲ್ಲಿ ಗಟ್ಟಿ, ಎಲ್ಲಿ ಪುಡಿ ಎಂದು ಹೊರಗಿನಿಂದ ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಸ್ಟ್ರಕ್ಚರಲ್ ಎಂಜಿನಿಯರ್ ಇನ್ನೂ ಒಂದು ದಾರಿ ತೋರಿಸಿದರು. ಇಪ್ಪತ್ತೆಂಟು ದಿನ ಕಾದು, ಅಲ್ಲಲ್ಲಿ ಕೊರೆದು ತುಂಡು ತೆಗೆದು ಪರೀಕ್ಷೆಗೆ ಕಳಿಸಿ, ಬೇಕಾದ ಕಡೆ ಹೊರಗಿನಿಂದ ಇನ್ನೊಂದು ಪದರ ಕಟ್ಟಬಹುದು. ನಾನು ಅಂದು ಸಂಜೆ ಆ ಗೋಡೆಯ ಮೇಲೆ ಕೂರಬೇಕಾದ ಎರಡು ಅಂತಸ್ತನ್ನು ಯೋಚಿಸಿದೆ. ಪೂರ್ವದ ಗೋಡೆಗೆ ಅಂಟಿದ ಮಲಗುವ ಕೋಣೆ ಅಪ್ಪನದು. ಮಾರನೇ ದಿನ ಬೆಳಿಗ್ಗೆ ಫೋನ್ ಮಾಡಿ, ಒಡೆಸುತ್ತೇನೆ ಸಾರ್ ಎಂದೆ. ಅವರು ಒಡೆಸು ಎಂದರು, ಅಷ್ಟೇ.

ಮನೆಯೊಡತಿಗೆ ಹೇಳಲು ಅವರ ಕಾಲೇಜಿಗೇ ಹೋದೆ. ಸ್ಟಾಫ್ ರೂಮಿನ ಹೊರಗೆ ನಿಂತು, ತಪ್ಪು ನನ್ನದು, ಕಾಂಕ್ರೀಟಿಗೆ ಸೇರಬಾರದ್ದು ಸೇರದ ಹಾಗೆ ನಾನು ನೋಡಿಕೊಳ್ಳಬೇಕಿತ್ತು, ಒಡೆದು ಕಟ್ಟುವ ಖರ್ಚು ನನ್ನದೇ ಎಂದೆ. ಸೇರಿದ್ದು ಏನು ಎಂದು ಅವರು ಕೇಳಿದರು. ರಾಸಾಯನಿಕ ಎಂದೆ.

“ನಿಮ್ಮನ್ನ ಅಷ್ಟು ನಂಬಿದ್ದೆ ಮೇಡಂ” ಎಂದರು. ಆಮೇಲೆ, “ಅಪ್ಪಂಗೆ ಏನಂತ ಹೇಳ್ಲಿ? ದಿನಾ ಮನೇಗ್ ಬಂದು ಅದೇ ಗೋಡೆ ಮಾತಾಡ್ತಾರೆ” ಎಂದರು.

ಶಟರಿಂಗ್ ಮೇಸ್ತ್ರಿಯನ್ನು ಕೋಣನಕುಂಟೆ ಕ್ರಾಸಿನ ಟೀ ಅಂಗಡಿಯಲ್ಲಿ ಹಿಡಿದೆ. ಎಲ್ಲರ ಎದುರು ಬಯ್ದಿದ್ದೆ, ಹಾಗಾಗಿ ಎಲ್ಲರ ಎದುರೇ ತಪ್ಪಾಯಿತು ಎಂದೆ. ಆಮೇಲೆ ಪಕ್ಕಕ್ಕೆ ಕರೆದು ನಡೆದದ್ದನ್ನು ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. ಯಜಮಾನರಿಗೆ ಹೇಳಿಬಿಡಿ ಮೇಡಂ, ಬಚ್ಚಿಡಬೇಡಿ ಎಂದ. ಆ ವಯಸ್ಸಿನವರಿಗೆ ಹೇಗೆ ಹೇಳುವುದು, ತಡೆದುಕೊಳ್ಳುವುದಿಲ್ಲ ಎಂದು ನಾನೇ ದೊಡ್ಡ ಮನಸ್ಸಿನವಳ ಹಾಗೆ ಮಾತಾಡಿದೆ.

ಗೋಡೆ ಒಡೆಯಲು ಮೂರು ದಿನ ಬೇಕಾಯಿತು. ಪುಡಿಯಾದ ಕಡೆ ಕೈಯಲ್ಲೇ ಬಿದ್ದಿತು, ಗಟ್ಟಿಯಾದ ಕಡೆ ಬ್ರೇಕರ್ ಯಂತ್ರ ಕೂಡ ಒದ್ದಾಡಿತು. ಅಪ್ಪ ಎದುರು ಮನೆಯ ಜಗಲಿಯ ಮೇಲೆ ಕೂತು ಮೂರೂ ದಿನ ನೋಡಿದರು. ನನ್ನ ಹತ್ತಿರ ಬರಲಿಲ್ಲ, ಏನೂ ಕೇಳಲಿಲ್ಲ. ಕೇಳಲಿಲ್ಲವಲ್ಲ, ಸದ್ಯ ಎಂದುಕೊಂಡೆ. ಹಳೇ ಕಂಬಿ ಕತ್ತರಿಸಿ, ಬುಡದಲ್ಲಿ ಉಳಿದದ್ದನ್ನು ತಂತಿ ಬ್ರಷ್ಷಿನಲ್ಲಿ ತಿಕ್ಕಿ, ಹೊಸ ಜಾಲರಿ ಕಟ್ಟಿ, ಹೊಸ ಹಲಗೆ ನಿಲ್ಲಿಸುವ ಹೊತ್ತಿಗೆ ಇನ್ನೂ ಹದಿನೈದು ದಿನ ಹೋಯಿತು.

ಎರಡನೇ ಸಲದ ಎರಕಕ್ಕೆ ಮನೆಯವರು ಪೂಜೆ ಬೇಡವೆಂದಿದ್ದರು. ಮನೆಯೊಡತಿಗೆ ಪರೀಕ್ಷೆ ಡ್ಯೂಟಿ, ಅವರು ಬರಲಿಲ್ಲ. ಲಾರಿಯ ಪಕ್ಕದಲ್ಲಿ ಶಟರಿಂಗ್ ಮೇಸ್ತ್ರಿಯನ್ನೇ ಕಾವಲು ನಿಲ್ಲಿಸಿದ್ದೆ. ಆರೂವರೆಗೆ ಪಂಪು ಶುರುವಾಗುವ ಮುಂಚೆ ಅಪ್ಪ ಬಂದರು. ಸ್ನಾನ ಮಾಡಿ ವಿಭೂತಿ ಇಟ್ಟಿದ್ದರು. ಎರಡೂ ಕೈಯಲ್ಲಿ ಒಂದೊಂದು ಬಕೆಟ್ಟು, ಮೇಲೆ ಬಾಳೆಲೆ ಮುಚ್ಚಿದ್ದರು. ಭಾರಕ್ಕೆ ಭುಜ ಇಳಿದಿತ್ತು. ನನ್ನ ಮುಂದೆ ಬಕೆಟ್ಟು ಇಳಿಸಿ, ಯಾರಿಗೂ ಕೇಳದ ಹಾಗೆ ಹೇಳಿದರು.

“ಹೋದ್ ಸಲ ಸಾಲ್ಲಿಲ್ಲ ಅಂತ ಕಾಣುತ್ತೆ ತಾಯಿ. ನಂದೇ ತಪ್ಪು, ಅಷ್ಟು ದೊಡ್ಡ ಲಾರಿಗೆ ಐದು ಕೆಜಿ ಯಾವ್ ಮೂಲೆಗೆ. ಮೂರು ವಾರದಿಂದ ನಿದ್ದೆ ಬಂದಿಲ್ಲ. ಈ ಸಲ ಹತ್ತು ಕೆಜಿ ತಂದಿದೀನಿ.”

ಮೂರು ವಾರ ನನ್ನ ಮೌನ ಅವರನ್ನು ಕಾಪಾಡುತ್ತಿದೆ ಎಂದುಕೊಂಡಿದ್ದೆ. ಅವರು ಆ ಮೂರು ವಾರವೂ ತಪ್ಪನ್ನು ತಮ್ಮ ತಲೆಯ ಮೇಲೇ ಹೊತ್ತುಕೊಂಡಿದ್ದರು, ಅದೂ ತಲೆಕೆಳಗಾಗಿ. ನಾನು ಉಳಿಸಿದ್ದು ಅವರನ್ನಲ್ಲ, ಹೇಳುವ ಕಷ್ಟದಿಂದ ನನ್ನನ್ನು.

ಹೇಳಿದೆ. ಸುಣ್ಣ ಬೇರೆ, ಸಿಮೆಂಟ್ ಬೇರೆ ಎಂದು, ಬೆಲ್ಲದಿಂದಲೇ ಗೋಡೆ ಕೆಟ್ಟಿತು ಎಂದು, ನಿಂತ ಕಡೆಯೇ, ಆಗತಾನೇ ಶುರುವಾದ ಪಂಪಿನ ಸದ್ದಿನ ನಡುವೆ. ಅದೂ ಒಂಥರಾ ಬೆಲ್ಲ ಎಂದು ನಾನು ಬಾಯಿಗೆ ಬಂದ ಹಾಗೆ ಅಂದದ್ದರಿಂದ ಹೀಗಾಯಿತು, ತಪ್ಪು ನನ್ನದು ಎಂದೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಬಾಳೆಲೆ ಸರಿಸಿ ಬಕೆಟ್ಟಿನೊಳಗೆ ನೋಡಿದರು.

“ನೀವು ಮಾತಿಗಂದಿದ್ದು. ನಾನು ಮೇಸ್ತ್ರಿ, ನಂಗೆ ಗೊತ್ತಾಗ್ಬೇಕಿತ್ತು.” ಆಮೇಲೆ, “ಮಗಳಿಗೆ ಗೊತ್ತಾ?” ಎಂದರು.

ಇಲ್ಲ ಎಂದೆ.

“ಅಂತೂ ನಂಗೆ ಗೊತ್ತಿರೋ ಕೆಲ್ಸ ಯಾವ್ದೂ ಈ ಮನೇಗಾಗಲ್ಲ” ಎಂದರು. ನನ್ನನ್ನು ಕೇಳಿದ್ದಲ್ಲ ಅದು. ಆದರೂ ಅವರು ಕಾದರು, ನಾನು ಏನಾದರೂ ಅನ್ನುತ್ತೇನೋ ಎಂದು. ಗೋಡೆಯ ಮೇಲಿಂದ ಪಂಪಿನವನು ಮೇಡಂ, ಮೇಡಂ ಎಂದು ಕೂಗುತ್ತಿದ್ದ. ಕಾಂಕ್ರೀಟ್ ಯಾರ ಮುಖ ನೋಡಿಯೂ ನಿಲ್ಲುವುದಿಲ್ಲ. ನಾನು ಏಣಿ ಹತ್ತಿದೆ. ಮೇಲಿನಿಂದ ನೋಡಿದಾಗ ಅವರು ಎರಡು ಬಕೆಟ್ಟೂ ಎತ್ತಿಕೊಂಡು ತಿರುವಿನ ಕಡೆ ನಡೆದು ಹೋಗುತ್ತಿದ್ದರು. ಇಳಿದು ಹೋಗಿ ಒಂದನ್ನಾದರೂ ಹಿಡಿದುಕೊಳ್ಳಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆಗ ವೈಬ್ರೇಟರ್ ಇಳಿಸುವವನ ಮೇಲೆ ಕಣ್ಣಿತ್ತು.

ಆ ಗೋಡೆ ಮಾರನೇ ದಿನವೇ ಗಟ್ಟಿಯಾಯಿತು, ಪಶ್ಚಿಮದ್ದಕ್ಕಿಂತ ಚೆನ್ನಾಗಿಯೇ ಬಂತು. ಅಪ್ಪ ನೋಡಲು ಬರಲಿಲ್ಲ. ಉಳಿದ ಗೋಡೆಗಳು, ಮೇಲಿನ ಅಂತಸ್ತುಗಳು ಎದ್ದವು, ತಾರಸಿ ಬಿತ್ತು, ಕಿಟಕಿ ಕೂತವು. ಮೊಣಕಾಲು ನೋವಂತೆ, ಬರಲ್ಲ ಅಂತಾರೆ ಎಂದು ಮಗಳು ಹೇಳುತ್ತಿದ್ದರು. ಕಾಲೇಜಿನಲ್ಲಿ ಅಂದು ಕಂಡಷ್ಟು ಕೋಪ ಅವರಲ್ಲಿ ಉಳಿದಿರಲಿಲ್ಲ, ಹೇಳಿಬಿಡಲೇ ಎಂದು ಎಷ್ಟೋ ಸಲ ಬಾಯಿ ತೆರೆದೆ. ಹೇಳುವ ಹಕ್ಕು ನನ್ನದೋ ಅವರಪ್ಪನದೋ ತಿಳಿಯಲಿಲ್ಲ, ಸುಮ್ಮನಾದೆ.

ಗೃಹಪ್ರವೇಶಕ್ಕೆ ಹೋದೆ. ಊಟದ ಎಲೆ ಹಾಕಿದ್ದು ಪೂರ್ವದ ಗೋಡೆಯ ಪಕ್ಕದಲ್ಲೇ. ಬಂದ ನೆಂಟರೆಲ್ಲ ಗೋಡೆ ತಟ್ಟಿ ನೋಡುವವರು, ಬಣ್ಣ ಯಾವಾಗ ಹೊಡೆಸ್ತೀರಾ ಎನ್ನುವವರು. ಅಪ್ಪ ಹೊಸ ಪಂಚೆ ಉಟ್ಟು ಪಂಕ್ತಿಯ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಹಳೇ ಜೊತೆಗಾರರೊಬ್ಬರು ಎಲೆಯ ಮುಂದಿನಿಂದಲೇ ಕೂಗಿ ಕೇಳಿದರು, ಏನ್ ಮೇಸ್ತ್ರಿ, ಮಗಳ ಮನೇಲಿ ನಿನ್ನ ಕೈಕೆಲಸ ಎಲ್ಲಿದೆ ತೋರ್ಸು ಎಂದು.

ಅಪ್ಪ ನನ್ನ ಕಡೆ ಕೈ ತೋರಿಸಿದರು. “ನಂದೇನೂ ಇಲ್ಲಪ್ಪ. ಈ ಗೋಡೇನ ನಾನು ಒಂದ್ಸಲ ಬೀಳ್ಸಿದೆ, ಇವರು ಎರಡ್ಸಲ ಕಟ್ಟಿದ್ರು.”

ಪಂಕ್ತಿಯೆಲ್ಲ ನಕ್ಕಿತು. ಬಡಿಸುತ್ತಿದ್ದ ಮಗಳು, ಅಪ್ಪಂಗೆ ಯಾವಾಗ್ಲೂ ತಮಾಷೆ ಎಂದು ಎಲ್ಲರಿಗಿಂತ ಜಾಸ್ತಿ ನಕ್ಕರು. ಅಪ್ಪನೂ ನಗುತ್ತಿದ್ದರು, ಮೊದಲ ದಿನ ಸೈಜುಗಲ್ಲಿನ ಮೇಲೆ ಕೂತು ನಕ್ಕಿದ್ದ ಹಾಗೆಯೇ. ನಾನು ಕೈಯಲ್ಲಿದ್ದ ತುತ್ತು ಎಲೆಗೆ ಹಾಕಿ, ಬೀಳಿಸಿದ್ದು ಅವರಲ್ಲ, ನಾನು ಎನ್ನಲು ತಲೆ ಎತ್ತಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಬೇಡ ಎನ್ನುವ ಹಾಗೆ ಕಣ್ಣಲ್ಲೇ ತಡೆದು, ಮಗಳ ಕಡೆ ತಿರುಗಿ, ಮೇಡಂಗೆ ಅನ್ನ ಹಾಕಮ್ಮ ಎಂದರು. ಮಗಳು ಹಾಕಿದರು, ನಾನು ತಲೆ ತಗ್ಗಿಸಿ ಉಂಡೆ.